ರೋಮ್‌ರೈಡರ್, ಇಸಿಯುಫ್ಲ್ಯಾಶ್: ಹಳೇ ಸುಬಾರುವಿನಲ್ಲಿ ಹಲವು ವರ್ಷ ಬಳಸಿದ ಮೇಲೆ

ಕ್ಯಾಲಿಫೋರ್ನಿಯಾದಲ್ಲಿ ನಾನು ಓಡಿಸೋದು 2006ರ ಸುಬಾರು ಇಂಪ್ರೆಜಾ ಡಬ್ಲ್ಯೂಆರ್‌ಎಕ್ಸ್. 2.5 ಲೀಟರ್ ಟರ್ಬೊ ಎಂಜಿನ್, ಕಂಪನಿ ಲೆಕ್ಕದಲ್ಲಿ 230 ಹಾರ್ಸ್‌ಪವರ್. ಇದರ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಓದೋಕೆ, ತಿದ್ದೋಕೆ ಎರಡು ಉಚಿತ ಸಾಫ್ಟ್‌ವೇರ್ ಬಳಸ್ತೀನಿ. ಟ್ಯಾಕ್ಟ್ರಿಕ್ಸ್‌ನವರ ಇಸಿಯುಫ್ಲ್ಯಾಶ್, ಇಸಿಯುವಿನಿಂದ ಫೈಲ್ ಇಳಿಸಿಕೊಂಡು, ತಿದ್ದಿದ್ದನ್ನು ವಾಪಸ್ ಬರೆಯುತ್ತೆ. ಓಪನ್ ಸೋರ್ಸ್ ರೋಮ್‌ರೈಡರ್ ಆ ಫೈಲಿನ ಟೇಬಲ್‌ಗಳನ್ನು (ಇಂಧನ, ಇಗ್ನಿಷನ್ ಇತ್ಯಾದಿಗೆ ಇಸಿಯು ನೋಡೋ ಅಂಕಿಗಳ ಪಟ್ಟಿ) ತೆರೆದು ತೋರಿಸುತ್ತೆ, ಗಾಡಿ ಓಡುವಾಗ ಅದರ ಲಾಗರ್ ಇಸಿಯುವಿನ ಅಂಕಿಗಳನ್ನು ದಾಖಲಿಸುತ್ತೆ. ದುಡ್ಡು ಬೀಳೋದು ಓಪನ್‌ಪೋರ್ಟ್ 2.0 ಕೇಬಲ್‌ಗೆ ಮಾತ್ರ.

ಬಹಳ ಜನ ಇದಕ್ಕೆ ಕೈ ಹಾಕೋದು ಪವರ್ ಆಸೆಗೆ. ನನಗಂತೂ ಹೆಚ್ಚು ಉಪಯೋಗಕ್ಕೆ ಬಂದಿರೋದು ಲಾಗರ್. ಒಮ್ಮೆ ಲಾಗ್ ನೋಡಿದರೆ ಎ/ಎಫ್ ಲರ್ನಿಂಗ್ (ಇಸಿಯು ತಾನಾಗೇ ಇಂಧನವನ್ನು ಎಷ್ಟು ಹೆಚ್ಚುಕಮ್ಮಿ ಮಾಡ್ತಿದೆ ಅನ್ನೋ ಲೆಕ್ಕ) ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಪ್ಲಸ್ ಶೇ. 9ರ ಹತ್ತಿರ, ಗಾಳಿ ಜಾಸ್ತಿ ಹರಿಯೋ ರೇಂಜಿನಲ್ಲಿ ಬರೀ ಶೇ. 2. ಒಳಗೆ ಬರೋ ಗಾಳಿ ಅಳೆಯೋ ಮ್ಯಾಫ್ ಸೆನ್ಸರ್ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲೋ ಒಳಗೆ ನುಗ್ಗುತ್ತಿದೆ ಅಂತ ಇದರರ್ಥ. ಐಡಲ್‌ನಲ್ಲಿ ಒಟ್ಟು ಗಾಳಿಯೇ ಕಮ್ಮಿ ಇರೋದರಿಂದ ಸಣ್ಣ ಲೀಕ್ ಕೂಡ ಅಲ್ಲಿ ದೊಡ್ಡದಾಗಿ ಕಾಣುತ್ತೆ. ಹುಡುಕಿದಾಗ ಇಂಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ ಟರ್ಬೊಗೆ ಹೋಗೋ ರಬ್ಬರ್ ಪೈಪ್ ವಯಸ್ಸಾಗಿ ಬಿರುಕು ಬಿಟ್ಟಿತ್ತು. ಚೆಕ್ ಎಂಜಿನ್ ಲೈಟ್ ಇನ್ನೂ ಹತ್ತಿರಲೇ ಇಲ್ಲ! ಆ ಪೈಪ್ ಬದಲಿಸದೆ ಹೊಸ ಮ್ಯಾಪ್ (ತಿದ್ದಿದ ಫೈಲ್) ಹಾಕಿದ್ದರೆ ಲೀಕ್ ಮೇಲೆ ಟ್ಯೂನ್ ಕಟ್ಟಿದ ಹಾಗಾಗ್ತಿತ್ತು.

ಇನ್ನೊಂದು ಕಣ್ಣಿಡಬೇಕಾದ ನಂಬರ್ ಐಎಎಮ್, ಅಂದರೆ ಇಗ್ನಿಷನ್ ಟೈಮಿಂಗನ್ನು ಎಷ್ಟು ಮುಂದಿಡಬಹುದು ಅಂತ ಇಸಿಯು ಇಟ್ಟುಕೊಂಡಿರೋ ಗುಣಕ. ನಾಕಿಂಗ್ (ಸಿಲಿಂಡರ್‌ನಲ್ಲಿ ಇಂಧನ ಹತೋಟಿ ತಪ್ಪಿ ಸಿಡಿಯೋದು) ಆಗ್ತಿದೆ ಅನ್ನಿಸಿದರೆ ಇಸಿಯು ತಾನಾಗೇ ಇದನ್ನು ಇಳಿಸಿ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತೆ. ನನ್ನ ಗಾಡಿಯಲ್ಲಿ ಅದು 1.0 ಇದ್ದರೆ ಆರೋಗ್ಯ. ನಮ್ಮ ಬಂಕ್‌ಗಳಲ್ಲಿ ಸಿಗೋ ಪ್ರೀಮಿಯಂ ಪೆಟ್ರೋಲ್ ಸಾಮಾನ್ಯವಾಗಿ 91 ಆಕ್ಟೇನ್ (ನಾಕಿಂಗ್ ತಡೆಯೋ ಶಕ್ತಿಯ ಅಂಕಿ, ಕಮ್ಮಿ ಇದ್ದಷ್ಟೂ ನಾಕಿಂಗ್ ಬೇಗ). ಬೇರೆ ರಾಜ್ಯದ 93 ಆಕ್ಟೇನ್‌ಗೆ ಮಾಡಿದ ಮ್ಯಾಪನ್ನು ಯಾರಾದರೂ ಕಳಿಸಿದರೆ ದಯವಿಟ್ಟು ಹಾಗೇ ಹಾಕಬೇಡಿ.

ಇಸಿಯುಗೆ ಫೈಲ್ ಬರೆಯೋ ಕೆಲಸಕ್ಕೆ ಡ್ಯಾಶ್ ಕೆಳಗಿನ ಎರಡು ಹಸಿರು ಟೆಸ್ಟ್ ಕನೆಕ್ಟರ್ ಜೋಡಿಸಬೇಕು. ಇಗ್ನಿಷನ್ ಆನ್ ಮಾಡಿದ ಕೂಡಲೇ ರೇಡಿಯೇಟರ್ ಫ್ಯಾನ್ ತಿರುಗಿ ನಿಲ್ಲುತ್ತೆ, ಮತ್ತೆ ತಿರುಗುತ್ತೆ. ಹಿಂದೆ ಫ್ಯೂಯಲ್ ಪಂಪ್ ಟಕ್ ಟಕ್ ಅನ್ನುತ್ತೆ. ಗಾಬರಿ ಬೇಡ, ಟೆಸ್ಟ್ ಮೋಡ್ ಅಂದರೇ ಹಾಗೆ. ಆದರೆ ಇದೆಲ್ಲ ಬ್ಯಾಟರಿ ತಿನ್ನುತ್ತೆ, ಬರೆಯೋ ಮಧ್ಯೆ ವೋಲ್ಟೇಜ್ ಕುಸಿದರೆ ಇಸಿಯು ಸತ್ತಂತಾಗಬಹುದು. ಅದಕ್ಕೇ ನಾನು ಚಾರ್ಜರ್ ಹಾಕದೆ ಶುರು ಮಾಡೋದೇ ಇಲ್ಲ. ಮೊದಲ ದಿನ ಇಳಿಸಿಕೊಂಡ ಒರಿಜಿನಲ್ ಫೈಲನ್ನು ಎರಡು ಮೂರು ಕಡೆ ಇಟ್ಟಿದ್ದೀನಿ.

ಕೊರತೆ ಇಲ್ಲ ಅಂತಲ್ಲ. ವಿಂಡೋಸ್‌ನಲ್ಲಿ ಈ ಕೇಬಲ್ ಜೊತೆ ಲಾಗರ್ ನಡೆಯೋಕೆ 32-ಬಿಟ್ ಜಾವಾ ಬೇಕು, ಹೊಸಬರು ಅಲ್ಲೇ ಸುಸ್ತಾಗ್ತಾರೆ. ಫೈಲಿಗೆ ಸರಿಹೊಂದೋ ಡೆಫಿನಿಷನ್ (ಫೈಲಿನಲ್ಲಿ ಯಾವ ಟೇಬಲ್ ಎಲ್ಲಿದೆ ಅಂತ ಹೇಳೋ ಪಟ್ಟಿ) ಇಲ್ಲದಿದ್ದರೆ ಟೇಬಲ್ ತೆರೆದರೂ ಅಂಕಿಗಳಿಗೆ ಅರ್ಥವಿರಲ್ಲ. ಫ್ಯೂಯಲ್ ಟೇಬಲ್ ಮುಟ್ಟೋದಾದರೆ ಗಾಳಿ-ಇಂಧನದ ಪ್ರಮಾಣ ನಿಖರವಾಗಿ ಅಳೆಯೋ ವೈಡ್‌ಬ್ಯಾಂಡ್ ಸೆನ್ಸರ್ ಬೇರೆ ಹಾಕಿಸಲೇಬೇಕು.

ಕಾನೂನಿನ ವಿಷಯ. ಜುಲೈ 2021ರಿಂದ ಕ್ಯಾಲಿಫೋರ್ನಿಯಾದ ಸ್ಮಾಗ್ ಚೆಕ್‌ನಲ್ಲಿ (ಗಾಡಿಯ ಹೊಗೆ ತಪಾಸಣೆ) ಇಸಿಯು ಸಾಫ್ಟ್‌ವೇರನ್ನೂ ನೋಡ್ತಾರೆ, ಅನುಮತಿ ಇಲ್ಲದ ಬದಲಾವಣೆ ಸಿಕ್ಕರೆ ಫೇಲ್. ನಾನೀಗ ಒರಿಜಿನಲ್ ಫೈಲಿಗೇ ವಾಪಸ್ ಬಂದಿದ್ದೀನಿ, ಲಾಗರ್ ಮಾತ್ರ ಬಳಸ್ತೀನಿ, ಅದು ಇಸಿಯುವಿನ ಪ್ರೋಗ್ರಾಂ ಬದಲಿಸಲ್ಲ. ನೀವೂ ಹೀಗೆ ವಾಪಸ್ ಬರೆದರೆ ಮಾರನೇ ದಿನವೇ ಟೆಸ್ಟ್‌ಗೆ ಹೋಗಬೇಡಿ. ಬರೆದ ಮೇಲೆ ರೆಡಿನೆಸ್ ಮಾನಿಟರ್‌ಗಳು (ಹೊಗೆ ನಿಯಂತ್ರಣ ಸರಿಯಿದೆಯಾ ಅಂತ ಇಸಿಯು ತಾನೇ ಮಾಡೋ ಪರೀಕ್ಷೆಗಳ ದಾಖಲೆ) ಅಳಿಸಿಹೋಗಿರುತ್ತವೆ. ಕೆಲವು ದಿನ ಊರೊಳಗೆ, ಹೈವೇಯಲ್ಲಿ ಎರಡೂ ಕಡೆ ಓಡಿಸಿ, ಅವು ಪೂರ್ತಿಯಾದ ಮೇಲೆ ಹೋಗಿ.