ಗೇಟಿಗೆ ಹಾಕಿದ ಲೆಟರ್ ಬಾಕ್ಸ್: ಒಂದು ಮಳೆಗಾಲ ಕಳೆದ ಮೇಲೆ

ನಮ್ಮ ಮನೆ ಕೊಡಗಿನ ಸುಂಟಿಕೊಪ್ಪದ ಹತ್ತಿರ, ರಸ್ತೆಯಿಂದ ಕಾಫಿ ತೋಟದೊಳಗೆ ಅರ್ಧ ಕಿಲೋಮೀಟರ್. ಪೋಸ್ಟ್‌ಮ್ಯಾನ್ ಮಳೆಯಲ್ಲಿ ಅಷ್ಟು ದೂರ ಬರುವುದು ಬೇಡ ಅಂತ ಗೇಟಿಗೇ ಒಂದು ಲೆಟರ್ ಬಾಕ್ಸ್ ಹಾಕಿಸಿದೆವು. ಕುಶಾಲನಗರದ ಹಾರ್ಡ್‌ವೇರ್ ಅಂಗಡಿಯಲ್ಲಿ ತೆಗೆದುಕೊಂಡದ್ದು, 900 ರೂಪಾಯಿ. ತಗಡಿನದ್ದು, ಮೇಲೆ ಇಳಿಜಾರು ಮುಚ್ಚಳ, ಮುಂದೆ ಬೀಗ.

ಮಳೆಗೆ ಪಾಸಾಯಿತು. ಕಕ್ಕಡದ ಮಳೆ, ಅಂದರೆ ನಮ್ಮ ಕಡೆಯ ಜುಲೈ-ಆಗಸ್ಟ್ ಮಳೆ, ಗೊತ್ತಲ್ವಾ, ಗಾಳಿಗೆ ಅಡ್ಡಡ್ಡ ಹೊಡೆಯುತ್ತದೆ, ಆದರೂ ಒಳಗೆ ನೀರು ಹೋಗಲಿಲ್ಲ. ತಳಕ್ಕೆ ಎರಡು ತೂತು ನಾನೇ ಕೊರೆದೆ, ಇಲ್ಲದಿದ್ದರೆ ತೇವ ಕೂತು ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಬೀಗಕ್ಕೆ ಆಗಾಗ ಎಣ್ಣೆ ಬಿಡಬೇಕು.

ತೊಂದರೆ ಇರುವುದು ಬಾಯಿಯಲ್ಲಿ. ಜಾಸ್ತಿ ಅಗಲ, ಕೈಯೇ ಒಳಗೆ ಹೋಗುತ್ತದೆ. ಹಾಗಾಗಿ ಹೋಂಸ್ಟೇ ಪಾಂಪ್ಲೆಟ್, ಗೊಬ್ಬರದ ಅಂಗಡಿ ನೋಟಿಸು, ಮದುವೆ ಕಾರ್ಡು, ಕೊನೆಗೆ ಹಾಲಿನ ಪ್ಯಾಕೆಟ್ಟನ್ನೂ ಅದಕ್ಕೇ ತುರುಕಲು ಶುರು ಮಾಡಿದರು. ಜುಲೈಯಲ್ಲಿ ಒಂದು ದಿನ ಪ್ಯಾಕೆಟ್ ಒಡೆದು ಅಪ್ಪನ ಪೆನ್ಷನ್ ಪತ್ರ ಪೂರ್ತಿ ನೆನೆಯಿತು. ಅದನ್ನು ಒಲೆ ಪಕ್ಕ ಹರಡಿಕೊಂಡು, ಅಳಿಸಿಹೋದ ಅಕ್ಷರ ಓದಲು ಅಪ್ಪ ಒದ್ದಾಡುತ್ತಿದ್ದದ್ದು ನೋಡಿ ತುಂಬಾ ಬೇಜಾರಾಯಿತು.

ಅಮೆರಿಕದಲ್ಲಿರುವ ತಂಗಿಗೆ ಫೋನಿನಲ್ಲಿ ಹೇಳಿದೆ. ಅವಳು ಅಲ್ಲಿಯ ಕಥೆ ಹೇಳಿದಳು. ಅಲ್ಲಿ ಬಾಕ್ಸನ್ನು ದುಡ್ಡು ಕೊಟ್ಟು ತರುವುದು ಮನೆಯವರೇ, ಆದರೂ ಅಂಚೆ ಶುಲ್ಕ ಕಟ್ಟದ ಕಾಗದವನ್ನು ಬೇರೆಯವರು ಅದರೊಳಗೆ ಹಾಕುವಂತಿಲ್ಲ, ಹಾಕಿದರೆ ದಂಡ. 1934ರಿಂದ ಇರುವ ಕಾನೂನು. ಒಂದು ಊರಿನ ನಿವಾಸಿಗಳ ಸಂಘ ತಮ್ಮ ಕರಪತ್ರಕ್ಕೆ ಬಿಡಿ ಅಂತ ಕೋರ್ಟಿಗೆ ಹೋಗಿತ್ತಂತೆ, 1981ರಲ್ಲಿ ಸುಪ್ರೀಂ ಕೋರ್ಟ್ ಕಾನೂನೇ ಸರಿ ಎಂದಿತು. ನನಗೂ ಅದು ಸರಿ ಅನ್ನಿಸಿತು. ಟಪಾಲಿನ ಜಾಗ ಟಪಾಲಿಗೇ ಇರಬೇಕು.

ವೆಲ್ಡಿಂಗ್ ಶಾಪಿನಲ್ಲಿ ಬಾಯಿಗೆ ತಗಡಿನ ಪಟ್ಟಿ ಹೊಡೆಸಿದೆ, ಈಗ ಎರಡು ಬೆರಳಷ್ಟೇ ಅಗಲ. "ಟಪಾಲು ಮಾತ್ರ" ಅಂತ ಬಣ್ಣದಲ್ಲಿ ಬರೆದೆ. ಪೇಪರಿಗೆ ಪಕ್ಕದಲ್ಲಿ ಪಿವಿಸಿ ಪೈಪಿನ ತುಂಡು, ಹಾಲಿಗೆ ಮುಚ್ಚಳದ ಬಕೆಟ್. ಹಾಲಿನ ಹುಡುಗನಿಗೆ ಒಂದು ಮಾತು ಹೇಳಿದ್ದಕ್ಕೆ ಮರುದಿನದಿಂದಲೇ ಬಕೆಟ್ಟಿನಲ್ಲಿ ಇಡುತ್ತಿದ್ದಾನೆ, ಪಾಪ, ಅವನಿಗೆ ಯಾರೂ ಹೇಳಿರಲೇ ಇಲ್ಲ.

ಸ್ಪೀಡ್ ಪೋಸ್ಟ್ ಮಾತ್ರ ಇದಕ್ಕೆ ಬೀಳುವುದಿಲ್ಲ. ಪೋಸ್ಟ್‌ಮ್ಯಾನ್ ಫೋನ್ ಮಾಡುತ್ತಾರೆ, ನಾವೇ ಗೇಟಿಗೆ ಹೋಗಿ ಸಹಿ ಹಾಕಿ ತರುತ್ತೇವೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ನೀವು ಕೊಳ್ಳಲು ಹೋಗುವಾಗ ಮನೆಯಿಂದ ಒಂದು ಉದ್ದದ ಕವರ್ ತೆಗೆದುಕೊಂಡು ಹೋಗಿ ಹಾಕಿ ನೋಡಿ. ಅದು ಇಳಿಯುವಷ್ಟು ಬಾಯಿ ಇದ್ದರೆ ಸಾಕು.