ಪಿಕಪ್ ಎತ್ತರಿಸೋದು: ಸ್ಪೇಸರ್, ಇನ್ನೊಂದು ಬ್ಲೇಡ್, ಇಲ್ಲಾ ಪೂರ್ತಿ ಕಿಟ್?

ಚಿತ್ರದುರ್ಗದ ಸುತ್ತಮುತ್ತ ಪಿಕಪ್ ಇಟ್ಟುಕೊಂಡವರಿಗೆ ಎರೆ ಹೊಲದ ದಾರಿ ಹೊಸದಲ್ಲ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಆಳವಾದ ಜಾಡು ಬೀಳುತ್ತದೆ. ಬಿಸಿಲು ಬಂದ ಮೇಲೆ ನಡುವಿನ ದಿಬ್ಬ ಒಣಗಿ ಗಟ್ಟಿಯಾಗುತ್ತದೆ. ಗಾಡಿಯ ಹೊಟ್ಟೆ ಅದಕ್ಕೆ ಉಜ್ಜಿದ ದಿನವೇ ಲಿಫ್ಟ್ ಮಾಡಿಸುವ ಯೋಚನೆ ಶುರುವಾಗುತ್ತದೆ.

ನನ್ನದು ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, 4x4. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಬ್ಲೇಡ್ ಪಾಟಾ, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್. ಹಿಂದಿನ ಪಾಟಾಗೆ ಒಂದು ಬ್ಲೇಡ್ ಸೇರಿಸಿ ಒಂದು ಮಳೆಗಾಲ ಓಡಿಸಿದೆ. ಆಮೇಲೆ ಪೂರ್ತಿ ಕಿಟ್ ಹಾಕಿಸಿದೆ. ಗಾಳಿಯಂತ್ರದ ಕೆಲಸಕ್ಕೆ ಗುಡ್ಡ ಹತ್ತುವ ಗೆಳೆಯನೊಬ್ಬನ ಹತ್ತಿರವೂ ಇದೇ ಗಾಡಿ ಇದೆ. ಅವನದಕ್ಕೆ ಸ್ಪೇಸರ್ ಮತ್ತು ಬ್ಲಾಕ್ ಹಾಕಿಸಿದ್ದಾನೆ. ಗಾಡಿ ಅದಲುಬದಲು ಮಾಡಿಕೊಂಡು ಓಡಿಸಿದ್ದರಿಂದ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುವಂತಾಯಿತು.

ಮೊದಲು ಒಂದು ವಿಷಯ ತಿಳಿದಿರಲಿ, ದುಡ್ಡು ಉಳಿಯುತ್ತದೆ. ಸಸ್ಪೆನ್ಷನ್ ಎಷ್ಟೇ ಎತ್ತರಿಸಿದರೂ ಹಿಂದಿನ ಡಿಫರೆನ್ಷಿಯಲ್ ಹೌಸಿಂಗ್ (ಆಕ್ಸಲ್ ನಡುವೆ ಉಬ್ಬಿರುವ ಗೇರ್ ಗುಂಡು) ನೆಲದಿಂದ ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದು ಚಕ್ರದ ಜೊತೆಗೇ ಕೂತಿರುತ್ತದೆ. ಏರುವುದು ಚಾಸಿ, ಡೀಸೆಲ್ ಟ್ಯಾಂಕ್, ಫುಟ್‌ಬೋರ್ಡ್, ಬಂಪರ್. ಹೌಸಿಂಗ್ ಏರಬೇಕು ಅಂದರೆ ದೊಡ್ಡ ಟೈರೇ ಬೇಕು. ನನ್ನ ಟೈರ್ 255/65 ಆರ್ 17, ಅಂದರೆ ಸುಮಾರು 763 ಮಿ.ಮೀ. ಎತ್ತರ. 265/70 ಆರ್ 17 ಹಾಕಿದರೆ ಸುಮಾರು 803. ಟೈರ್ 40 ಮಿ.ಮೀ. ದೊಡ್ಡದಾದರೂ ಹೌಸಿಂಗ್‌ಗೆ ಸಿಗುವುದು ಅದರ ಅರ್ಧ, 20 ಮಿ.ಮೀ. ಮೀಟರ್ 80 ತೋರಿಸುವಾಗ ಗಾಡಿ ನಿಜವಾಗಿ 84ರ ಆಸುಪಾಸಿನಲ್ಲಿ ಓಡುತ್ತಿರುತ್ತದೆ ಅನ್ನೋದೂ ನೆನಪಿರಲಿ.

ಈಗ ಸ್ಪೇಸರ್. ಮುಂದಿನ ಸ್ಟ್ರಟ್‌ನ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿದ ಜೋಡಣೆ) ತಲೆ ಮೇಲೆ ಕೂರಿಸುವ ದಪ್ಪ ಬಿಲ್ಲೆ ಇದು. ಸ್ಟ್ರಟ್ ಕೂತಿರುವುದು ಚಕ್ರವನ್ನು ಚಾಸಿಗೆ ಜೋಡಿಸುವ ಆರ್ಮ್‌ನ ನಡುಭಾಗದಲ್ಲಿ, ಹಾಗಾಗಿ 25 ಮಿ.ಮೀ. ಬಿಲ್ಲೆ ಹಾಕಿದರೆ ಚಕ್ರದ ಹತ್ತಿರ ಹೆಚ್ಚುಕಡಿಮೆ ಅದರ ಎರಡು ಪಟ್ಟು ಎತ್ತರ ಸಿಗುತ್ತದೆ. ಹಿಂದೆ ಆಕ್ಸಲ್‌ಗೂ ಪಾಟಾಗೂ ನಡುವೆ ಒಂದು ಬ್ಲಾಕ್, ಉದ್ದನೆಯ ಯು ಬೋಲ್ಟ್. ಅರ್ಧ ದಿನದ ಕೆಲಸ. ಖರ್ಚೂ ಕಡಿಮೆ. ಹೈವೇಯಲ್ಲಿ ಭರಮಸಾಗರ ದಾಟಿ ದಾವಣಗೆರೆವರೆಗೆ ಓಡಿಸಿದರೆ ಕಂಪನಿ ಗಾಡಿಗೂ ಇದಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಸ್ಪ್ರಿಂಗೂ ಶಾಕೂ ಹಳೆಯವೇ ಅಲ್ವಾ.

ಗುಡ್ಡದ ಗರಸು ದಾರಿಯಲ್ಲಿ ಕಥೆ ಬೇರೆ. ಚಕ್ರ ಗುಂಡಿಗೆ ಇಳಿದಾಗ ಮೊದಲಿಗಿಂತ ಕೆಳಗೆ ಜೋತಾಡುತ್ತದೆ, ಮೇಲಿನ ಆರ್ಮ್ ತುದಿಯ ಬಾಲ್ ಜಾಯಿಂಟ್‌ಗೆ ಹೊರೆ ಬೀಳುತ್ತದೆ. ಮುಂದಿನ ಡ್ರೈವ್ ಶಾಫ್ಟ್ ಓರೆಯಾಗಿ ತಿರುಗಬೇಕು. ಒಮ್ಮೆ ಗೆಳೆಯನ ಗಾಡಿ ರ‍್ಯಾಂಪ್ ಮೇಲಿದ್ದಾಗ ಬಗ್ಗಿ ನೋಡಿದೆ. ಶಾಫ್ಟ್ ಓರೆಯಾದರೂ ತಿರುಗುವಂತೆ ಮಾಡುವ ಸಿವಿ ಜಾಯಿಂಟ್‌ನ ರಬ್ಬರ್ ಬೂಟ್‌ನಲ್ಲಿ ಮಡಿಕೆಗಳು ಒಂದು ಕಡೆ ಒತ್ತಿಕೊಂಡು ಒಂದಕ್ಕೊಂದು ಉಜ್ಜುತ್ತಿದ್ದವು, ಇನ್ನೊಂದು ಕಡೆ ಪೂರ್ತಿ ಹಿಗ್ಗಿದ್ದವು. ಉಜ್ಜಿದ ಜಾಗದಲ್ಲಿ ಕೂದಲಿನಂಥ ಸೀಳು, ಅಲ್ಲಿಂದ ಗ್ರೀಸ್ ಜಿನುಗಿ ಮಣ್ಣು ಹಿಡಿದಿತ್ತು. ಬೂಟ್ ಹರಿದು ಮಣ್ಣು ಒಳಗೆ ಹೋದರೆ ಜಾಯಿಂಟ್ ಬಾಳಿಕೆ ಅಷ್ಟಕ್ಕೇ ಮುಗೀತು. ಹಿಂದಿನ ಬ್ಲಾಕ್‌ನದು ಇನ್ನೊಂದು ಗೋಳು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆಕ್ಸಲ್ ತಿರುಚಿಕೊಳ್ಳಲು ನೋಡುತ್ತದೆ, ಬ್ಲಾಕ್ ಎತ್ತರವಾದಷ್ಟೂ ಅದು ಜಾಸ್ತಿ. ಬ್ಲಾಕ್ ಮೇಲೆ ಬ್ಲಾಕ್ ಪೇರಿಸುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ.

ಎರಡನೆಯದು ನಮ್ಮ ಕಡೆಯ ದಾರಿ. ದಾವಣಗೆರೆ ಪಿ.ಬಿ. ರಸ್ತೆ ಕಡೆ ಲಾರಿ ಪಾಟಾ ಕೆಲಸ ಮಾಡುವ ಮೇಸ್ತ್ರಿ ಹತ್ತಿರ ಹೋದೆ. ಎರಡು ಇಂಚು ಎತ್ತಬೇಕು ಅಂದೆ. "ಎತ್ತರ ಆಮೇಲೆ ನೋಡೋಣ ಸಾರ್, ದಿನಾ ಎಷ್ಟು ಲೋಡ್ ಹಾಕ್ತೀರಿ ಅದು ಹೇಳ್ರಿ" ಅಂದರು. ಲಿಫ್ಟ್ ವಿಷಯದಲ್ಲಿ ನನಗೆ ಯಾರೂ ಕೇಳದ ಸರಿಯಾದ ಪ್ರಶ್ನೆ ಅದು. ಹಳೆ ಪಾಟಾವನ್ನು ಕೆಂಪಗೆ ಕಾಯಿಸಿ ಬಗ್ಗಿಸಿದರೆ ಉಕ್ಕಿನ ಹದ ಹೋಗುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಕೂರುತ್ತದೆ. ಅದಕ್ಕೇ ಅವರು ಕಾಯಿಸದೆ, ಹದವಾದ ಹೊಸ ಬ್ಲೇಡ್ ಒಂದನ್ನು ಸೇರಿಸಿ ಹೊಸ ಸೆಂಟರ್ ಬೋಲ್ಟ್ ಹಾಕಿದರು.

ಲೋಡ್ ಇದ್ದಾಗ ಇದರಷ್ಟು ನೆಮ್ಮದಿ ಬೇರೆ ಇಲ್ಲ. 200 ಲೀಟರ್ ಡ್ರಮ್‌ಗೆ ನೀರು ತುಂಬಿ ಹಿಂದೆ ಇಟ್ಟು, ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದೆ. ಎರಡು ಬೆರಳಿನಷ್ಟೂ ಇಳಿದಿರಲಿಲ್ಲ. ಆದರೆ ಖಾಲಿ ಗಾಡಿ ಓಡಿಸಿದಾಗ ಹಿಂದೆ ಕೂತವರ ಬೆನ್ನು ಬಲ್ಲದು. ಹೊಳಲ್ಕೆರೆ ಕಡೆಯ ತೋಟಕ್ಕೆ ಅಪ್ಪನನ್ನು ಕೂರಿಸಿಕೊಂಡು ಹೋದರೆ, ಪ್ರತಿ ಹಂಪ್‌ಗೂ "ಸ್ವಲ್ಪ ನಿಧಾನ ಹೋಗಪ್ಪಾ" ಅನ್ನೋರು. ಗಟ್ಟಿ ಪಾಟಾಗೆ ಹಳೆ ಶಾಕ್ ಸಾಲದು, ಹಿಂಭಾಗ ಕುಪ್ಪಳಿಸಿ ಕೆಸರಿನಲ್ಲಿ ಹಿಡಿತವೂ ತಪ್ಪುತ್ತದೆ.

ಮೂರನೆಯದು ಪೂರ್ತಿ ಕಿಟ್. ಮುಂದೆ ಹೊಸ ಸ್ಪ್ರಿಂಗ್, ಹಿಂದೆ ಹೊಸ ಪಾಟಾ, ನಾಲ್ಕೂ ಶಾಕ್, ಬುಷ್, ಶಾಕಲ್, ಯು ಬೋಲ್ಟ್. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಈಮು, ಐರನ್‌ಮ್ಯಾನ್, ಥಾಯ್ಲೆಂಡ್‌ನ ಪ್ರೊಫೆಂಡರ್ ಹೆಸರು ಎಲ್ಲರ ಬಾಯಲ್ಲೂ ಇವೆ. ಯಾವ ಹೆಸರು ಅನ್ನೋದಕ್ಕಿಂತ ಯಾವ ಲೋಡ್‌ನ ಪಾಟಾ ಅನ್ನೋದು ಮುಖ್ಯ. ಒಂದೇ ಕಿಟ್‌ನಲ್ಲಿ ಖಾಲಿ ಓಡುವವರಿಗೆ ಬೇರೆ, ಸದಾ ಭಾರ ಹೊರುವವರಿಗೆ ಬೇರೆ ಪಾಟಾ ಬರುತ್ತದೆ. ಮೇಸ್ತ್ರಿ ಕೇಳಿದ ಪ್ರಶ್ನೆಯನ್ನೇ ನೆನಪಿಟ್ಟುಕೊಂಡು ನಾನು ನಡುವಿನ ಲೋಡ್‌ನದು ತರಿಸಿದೆ. ಡ್ರಿಪ್ ಪೈಪ್, ಔಷಧಿ ಪಂಪ್, ಗೊಬ್ಬರದ ಒಂದೆರಡು ಚೀಲ, ಅಷ್ಟೇ ನಮ್ಮ ಭಾರ.

ಖರ್ಚು ಲಕ್ಷ ದಾಟುತ್ತದೆ, ಅದು ನಿಜ. ಆದರೆ ಜಾಡು ಬಿದ್ದ ದಾರಿಯಲ್ಲಿ ಇದರ ಬೆಲೆ ತಿಳಿಯುತ್ತದೆ. ಗುಂಡಿಗೆ ಇಳಿದ ಚಕ್ರ ಒಂದೇ ಸಲ ಕೂತು ಸುಮ್ಮನಾಗುತ್ತದೆ, ಮತ್ತೆ ಕುಪ್ಪಳಿಸುವುದಿಲ್ಲ. ಎಣ್ಣೆ ಜಾಸ್ತಿ ಹಿಡಿಯುವ ದಪ್ಪ ಶಾಕ್ ಆದ್ದರಿಂದ ಉದ್ದದ ಕಲ್ಲುದಾರಿಯಲ್ಲೂ ಬೇಗ ಸೋಲುವುದಿಲ್ಲ. ಅಪ್ಪ ಈಗ ನಿಧಾನ ಹೋಗು ಅನ್ನುವುದಿಲ್ಲ. ಎತ್ತರವನ್ನು 50 ಮಿ.ಮೀ. ಒಳಗೇ ನಿಲ್ಲಿಸಿದ್ದೇನೆ. ಅದಕ್ಕಿಂತ ಮೇಲೆ ಹೋದರೆ ಮೇಲಿನ ಆರ್ಮ್ ಕೂಡ ಬದಲಿಸುವ ಪ್ರಸಂಗ ಬರುತ್ತದೆ.

ನನ್ನ ಮಾತು ಇಷ್ಟು: ದಿನಾ ಮೆಕ್ಕೆಜೋಳ, ಮೇವು, ಸಿಮೆಂಟ್ ಹೊರುವ ಗಾಡಿಗೆ ಬ್ಲೇಡ್ ಸೇರಿಸಿ, ಕಿಟ್ ಹಾಕಿ ದುಡ್ಡು ಕಳೆಯಬೇಡಿ. ಮನೆಮಂದಿ ಕೂತು ತೋಟಕ್ಕೂ ಪೇಟೆಗೂ ಓಡುವ ಗಾಡಿಗೆ ಕಿಟ್. ಮೂಗು ತಗ್ಗಿದ್ದು ಕಣ್ಣಿಗೆ ಚುಚ್ಚುತ್ತದೆ, ಓಡುವುದೆಲ್ಲ ಡಾಂಬರ್ ರಸ್ತೆ ಅನ್ನುವವರಿಗೆ ಮಾತ್ರ ಮುಂದೆ ತೆಳು ಸ್ಪೇಸರ್ ಸಾಕು, ಹಿಂದೆ ಬ್ಲಾಕ್ ಬೇಡ.

ಯಾವುದು ಹಾಕಿಸಿದರೂ ಅಲೈನ್‌ಮೆಂಟ್ ಅದೇ ದಿನ ಆಗಬೇಕು. ಹೆಡ್‌ಲೈಟ್ ಕೆಳಗಿಳಿಸಿ, ಎದುರು ಬರುವವರ ಕಣ್ಣು ಕುಕ್ಕಬಾರದು. ಬ್ರೇಕ್ ಹೋಸ್ ಸಾಲದೆ ಎಳೆದಂತಾಗುತ್ತದೆಯಾ ಅಂತ ಚಕ್ರ ಜೋತುಬಿಟ್ಟು ನೋಡಿಸಿ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಸರಳಿನಿಂದ ಜೋಡಿಸಿದ ಬ್ರೇಕ್ ವಾಲ್ವ್ ಇರುತ್ತದೆ. ಹಿಂಭಾಗ ಎತ್ತರವಾದರೆ ಗಾಡಿ ಖಾಲಿ ಅಂತ ತಿಳಿದು ಅದು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಆ ಸರಳನ್ನು ಹೊಸ ಎತ್ತರಕ್ಕೆ ಹೊಂದಿಸಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಹಾಗಾಗಿ ಕೆಲಸ ಶುರು ಮಾಡುವ ಮೊದಲು ಆರ್‌ಟಿಒ ಮತ್ತು ಇನ್ಶೂರೆನ್ಸ್‌ನವರನ್ನು ಕೇಳಿ. 500 ಕಿ.ಮೀ. ಓಡಿದ ಮೇಲೆ ಯು ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.