ಮೊದಲು ಮೇಣ, ಆಮೇಲೆ ಕಂಚು: ತಂಜಾವೂರೋ ಕುಂಭಕೋಣವೋ?

ಮೈಸೂರಿನಿಂದ ಸಂಜೆ ಹೊರಟು, ಬೆಂಗಳೂರು ದಾಟಿ ರಾತ್ರಿಯೆಲ್ಲ ಓಡುವ ರೈಲು ಬೆಳಗಿನ ಜಾವ ತಂಜಾವೂರನ್ನು ಮುಟ್ಟುತ್ತದೆ. ಅಲ್ಲಿಂದ 40 ಕಿಲೋಮೀಟರ್ ಮುಂದೆ ಹೋದರೆ ಕುಂಭಕೋಣ. ಶುಕ್ರವಾರ ಹತ್ತಿ ಶನಿವಾರ ಇಳಿದು, ಭಾನುವಾರ ಸಂಜೆ ಮರಳುವ ರೈಲು ಹಿಡಿದರೆ ಸೋಮವಾರ ಕೆಲಸಕ್ಕೆ ಹೋಗಬಹುದು. ಅಂದರೆ ಊರಿನಲ್ಲಿ ಉಳಿಯಲು ಸಿಗುವುದು ಒಂದೇ ರಾತ್ರಿ. ಅದನ್ನು ಎಲ್ಲಿ ಕಳೆಯಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನಾನು ಎರಡು ಸಲ ಹೋಗಿ ಬಂದೆ. ಜನವರಿಯಲ್ಲಿ ಅಕ್ಕನ ಜೊತೆ ತಂಜಾವೂರಿನಲ್ಲಿ ಉಳಿದೆ, ಆಗಸ್ಟಿನಲ್ಲಿ ಅಮ್ಮನ ಜೊತೆ ಕುಂಭಕೋಣದಲ್ಲಿ.

ನದಿಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ನಂಜನಗೂಡಿನವರು. ನಮ್ಮ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕಾವೇರಿಯ ಮುಖಜಭೂಮಿಗೆ ಹೋಗುವುದೆಂದರೆ ನಮ್ಮ ನೀರಿನ ಹಿಂದೆಯೇ ಹೋದಂತೆ ಎಂದು ಹೊರಟವಳಿಗೆ ತಂಜಾವೂರು ನಿರಾಸೆ ಮಾಡಿತು. ಊರಿನ ಅಂಚಿನಲ್ಲಿ ಕಾವೇರಿಯ ಕವಲುಗಳು ಹರಿಯುತ್ತವೆ, ಬೃಹದೀಶ್ವರನ ದೊಡ್ಡ ದೇವಾಲಯದ ಬಳಿಯಲ್ಲೇ ಕಲ್ಲಣೆ ಅಣೆಕಟ್ಟಿನ ಕಾಲುವೆ ಹರಿಯುತ್ತದೆ. ಆದರೆ ಮೆಟ್ಟಿಲಿಳಿದು ಕಾಲು ತೊಳೆಯುವ ಕಾವೇರಿ ಬೇಕಾದರೆ ಉತ್ತರಕ್ಕೆ ಸುಮಾರು 12 ಕಿಲೋಮೀಟರ್ ದೂರದ ತಿರುವಯ್ಯಾರಿಗೇ ಹೋಗಬೇಕು. ಕುಂಭಕೋಣ ಹಾಗಲ್ಲ. ಒಂದು ಕಡೆ ಕಾವೇರಿ, ಇನ್ನೊಂದು ಕಡೆ ಅರಸಲಾರು, ನಡುವೆ ಊರು. ಬೀದಿಯ ತುದಿಗೆ ಹೋದರೆ ಸೋಪಾನಗಟ್ಟೆ ಸಿಗುತ್ತದೆ.

ಇದೆಲ್ಲ ನೀರಿದ್ದಾಗ ಮಾತ್ರ. ವಾಡಿಕೆಯಂತೆ ಮೆಟ್ಟೂರು ಅಣೆಕಟ್ಟಿನಿಂದ ಜೂನ್ 12ಕ್ಕೆ ನೀರು ಬಿಟ್ಟು ಜನವರಿ 28ಕ್ಕೆ ನಿಲ್ಲಿಸುತ್ತಾರೆ. ಹಿಂದೊಮ್ಮೆ ಏಪ್ರಿಲ್‌ನಲ್ಲಿ ಮದುವೆಯೊಂದಕ್ಕೆ ಆ ಕಡೆ ಹೋಗಿದ್ದಾಗ ಸೇತುವೆಯ ಕೆಳಗೆ ಕಂಡದ್ದು ಬರೀ ಮರಳು, ಅದರ ಮೇಲೆ ಮೇಯುವ ಆಡುಗಳು. ಬೇಸಿಗೆ ರಜೆಯಲ್ಲಿ ಈ ಎರಡು ಊರುಗಳಿಗೂ ಹೋಗಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಬಿಸಿಲಿಗಿಂತ ಹೆಚ್ಚಾಗಿ ಆ ಬತ್ತಿದ ಪಾತ್ರ ಮನಸ್ಸನ್ನು ಕುಗ್ಗಿಸುತ್ತದೆ.

ಜನವರಿಯ ಪ್ರವಾಸಕ್ಕೆ ಅಕ್ಕನ ವೀಣೆಯೇ ನೆಪ. ಮೆಟ್ಟಿಲುಗಳ ಕೆಳಗಿನ ಮೇಣ ಸಡಿಲವಾಗಿ ಶ್ರುತಿ ನಿಲ್ಲುತ್ತಿರಲಿಲ್ಲ. ತಂಜಾವೂರಿನಲ್ಲಿಯೇ ಮೇಳ ಕಟ್ಟಿಸಬೇಕೆಂದು, ಅಂದರೆ ಮೆಟ್ಟಿಲುಗಳನ್ನು ಹೊಸ ಮೇಣದಲ್ಲಿ ಶ್ರುತಿಗೆ ಸರಿಯಾಗಿ ಕೂರಿಸಿಕೊಳ್ಳಬೇಕೆಂದು, ವೀಣೆಯನ್ನು ಮಗುವಿನಂತೆ ಸುತ್ತಿಕೊಂಡು ರೈಲು ಹತ್ತಿದ್ದಳು. ನಾವು ಹೋದ ಕಾರ್ಯಾಗಾರ ಒಂದು ಮನೆಯ ಮುಂಭಾಗ. ಹಲಸಿನ ಮರದ ದಿಮ್ಮಿಯೊಂದು ಅರ್ಧ ಕೊರೆದ ಸ್ಥಿತಿಯಲ್ಲಿ ಬಿದ್ದಿತ್ತು. ಕೊಡ, ದಂಡಿ, ಯಾಳಿಯ ತಲೆ ಎಲ್ಲವೂ ಒಂದೇ ಮರದಿಂದ ಬಂದರೆ ಅದು ಏಕಾಂಡ ವೀಣೆ. ಮೇಳ ಕಟ್ಟುವವರು ಕರಿ ಮೇಣವನ್ನು ಕಾಯಿಸಿ ದಂಡಿಯ ಎರಡು ಬದಿಗೆ ಒತ್ತಿ, 24 ಮೆಟ್ಟಿಲುಗಳನ್ನು ಒಂದೊಂದಾಗಿ ಕಿವಿಯಿಂದಲೇ ಕೂರಿಸಿದರು. ಅಳತೆಗೋಲು ಮುಟ್ಟಲಿಲ್ಲ. ತಂತಿ ಮೀಟುವುದು, ಕೂದಲೆಳೆಯಷ್ಟು ಸರಿಸುವುದು, ಮತ್ತೆ ಮೀಟುವುದು. ಅಕ್ಕ ಮೂರು ಗಂಟೆ ಅಲ್ಲಿಂದ ಏಳಲಿಲ್ಲ. ಶನಿವಾರವಾದ್ದರಿಂದ ಇದು ಸಾಧ್ಯವಾಯಿತು. ಮರುದಿನ ಮತ್ತೊಮ್ಮೆ ಹಾದುಹೋದಾಗ ಬಾಗಿಲು ಮುಚ್ಚಿತ್ತು.

ತಂಜಾವೂರಿನ ಮಧ್ಯಾಹ್ನ ಕುಂಭಕೋಣದ ಮಧ್ಯಾಹ್ನಕ್ಕಿಂತ ಉಪಯುಕ್ತ. ಎರಡೂ ಊರುಗಳಲ್ಲಿ ಗುಡಿಗಳು ಮಧ್ಯಾಹ್ನ ಬಾಗಿಲು ಹಾಕಿದರೆ ಸಂಜೆ ನಾಲ್ಕರವರೆಗೆ ತೆರೆಯುವುದಿಲ್ಲ. ತಂಜಾವೂರಿನಲ್ಲಿ ಆ ಹೊತ್ತಿಗೆ ಅರಮನೆ ಇದೆ. ಎರಡನೆಯ ಸರ್ಫೋಜಿ ರಾಜ ಬೆಳೆಸಿದ ಸರಸ್ವತೀ ಮಹಲ್ ಗ್ರಂಥಾಲಯದ ಪ್ರದರ್ಶನ ಕೊಠಡಿ ಮತ್ತು ಕಲಾಶಾಲೆಯ (ಆರ್ಟ್ ಗ್ಯಾಲರಿಯ) ಚೋಳ ಕಂಚಿನ ಮೂರ್ತಿಗಳು ಅಲ್ಲಿಯೇ ಇವೆ. ತಿರುವೆಂಗಾಡಿನಿಂದ ಬಂದ 1011ರ ವೃಷಭವಾಹನ ಶಿವನ ಮುಂದೆ ನಾನು ಮೊದಲ ಸಲ ನಿಂತದ್ದು ಹೀಗೆಯೇ. ತಲೆಗೆ ಹಾವುಗಳನ್ನೇ ಪೇಟದಂತೆ ಸುತ್ತಿಕೊಂಡು, ಈಗ ಇಲ್ಲದ ಎತ್ತಿನ ಮೇಲೆ ಕೈಯೂರಿ ಸರಾಗವಾಗಿ ನಿಂತಿದ್ದಾನೆ. ಚೆಂದವಿದೆ ಎನಿಸಿತು. ಫೋಟೋದಲ್ಲಿ ನೋಡಿದ್ದೇ ಇದು ಎಂದೂ ಅನಿಸಿತು. ಹತ್ತು ನಿಮಿಷದಲ್ಲಿ ಮುಂದೆ ಹೋದೆ. ಆ ಹತ್ತು ನಿಮಿಷವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಅದಕ್ಕೆ ಬರುತ್ತೇನೆ.

ಬೃಹದೀಶ್ವರನ ಬಗ್ಗೆ ಹೊಸದಾಗಿ ಏನು ಬರೆಯಲಿ? ರಾಜರಾಜ ಚೋಳ 1010ರಲ್ಲಿ ಮುಗಿಸಿದ ಗುಡಿ ಅದು. ವಿಮಾನ ಅರವತ್ತು ಮೀಟರಿಗೂ ಎತ್ತರ. ಸಂಜೆ ನಾಲ್ಕೂವರೆಗೆ ಒಳಗೆ ಹೋಗಿ ನೆರಳು ಪೂರ್ತಿ ಕರಗುವವರೆಗೂ ಇರಿ. ಜೇನಿನ ಬಣ್ಣದ ಕಲ್ಲು ತಾಮ್ರದ ಬಣ್ಣಕ್ಕೆ ತಿರುಗುವ ಹೊತ್ತನ್ನು ತಪ್ಪಿಸಿಕೊಳ್ಳಬಾರದು. ಆದರೆ ಕಲೆಗಾಗಿಯೇ ಹೋಗುವವರು ಒಂದನ್ನು ತಿಳಿದಿರಬೇಕು. ಗರ್ಭಗುಡಿಯ ಸುತ್ತಲಿನ ಒಳದಾರಿಯ ಚೋಳ ಭಿತ್ತಿಚಿತ್ರಗಳು, ಮೇಲಿನ ಅಂತಸ್ತಿನಲ್ಲಿ ಶಿವನೇ ಮಾಡಿ ತೋರಿಸುವ 81 ನೃತ್ಯಕರಣಗಳು ಸಾಮಾನ್ಯ ಭಕ್ತರಿಗೆ ತೆರೆದಿಲ್ಲ. ನಾಟ್ಯಶಾಸ್ತ್ರ ಹೇಳುವ 108 ಕರಣಗಳಲ್ಲಿ 81 ಮಾತ್ರ ಕೆತ್ತಿ, ಉಳಿದ ಕಲ್ಲುಗಳನ್ನು ಖಾಲಿ ಬಿಟ್ಟಿರುವ ಆ ಜಾಗವನ್ನು ನೋಡಲೇಬೇಕೆಂಬ ಆಸೆ ನನ್ನಲ್ಲಿ ಇನ್ನೂ ಹಾಗೆಯೇ ಇದೆ.

ರಾತ್ರಿಯ ವಿಷಯದಲ್ಲಿ ತಂಜಾವೂರು ಸೋತಿತು. ಬಸ್ ನಿಲ್ದಾಣದ ಬಳಿಯ ವಸತಿಗೃಹವೊಂದರಲ್ಲಿ ಹಾರ್ನ್ ಸದ್ದಿಗೆ ಇಬ್ಬರಿಗೂ ನಿದ್ದೆ ಬರಲಿಲ್ಲ. ಸುತ್ತಲೂ ಅಂಗಡಿಗಳ ಬೆಳಕು, ವಾಹನಗಳ ಗದ್ದಲ. ದೇವಾಲಯ ಮುಚ್ಚಿದ ಮೇಲೆ ನಡೆದಾಡಲು ನಮಗೆ ಒಂದು ಬೀದಿಯೂ ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ತಿರುವಯ್ಯಾರಿಗೆ ಹೋದೆವು. ತ್ಯಾಗರಾಜರ ಆರಾಧನೆ ಮುಗಿದು ಒಂದು ವಾರವಾಗಿತ್ತು, ಚಪ್ಪರದ ಬೊಂಬುಗಳನ್ನು ಬಿಚ್ಚುತ್ತಿದ್ದರು. ಆರಾಧನೆಯ ದಿನವೇ ಹೋಗಬೇಕೆನ್ನುವವರಿಗೆ ನನ್ನ ವಿರೋಧವಿಲ್ಲ. ಪುಷ್ಯ ಬಹುಳ ಪಂಚಮಿಯಂದು ಸಾವಿರಾರು ಕಂಠಗಳು ಒಟ್ಟಾಗಿ ತ್ಯಾಗರಾಜರ ಪಂಚರತ್ನ ಕೃತಿಗಳನ್ನು ಹಾಡುವುದು ಬೇರೆಯೇ ಅನುಭವ. ಆದರೆ ಸಮಾಧಿಯ ಮುಂದೆ ಹತ್ತು ನಿಮಿಷ ಯಾರೂ ಇಲ್ಲದೆ ಕೂರುವ ಭಾಗ್ಯ ಖಾಲಿ ದಿನಗಳಿಗೆ ಮಾತ್ರ. ಅದರ ಎದುರಿಗೇ ಬೆಂಗಳೂರು ನಾಗರತ್ನಮ್ಮನವರ ಸ್ಮಾರಕವಿದೆ. 1878ರಲ್ಲಿ ನಮ್ಮ ನಂಜನಗೂಡಿನಲ್ಲಿ ಹುಟ್ಟಿದವರು. ಪಾಳುಬಿದ್ದಿದ್ದ ಈ ಸಮಾಧಿಯ ಜಾಗದಲ್ಲಿ ತಮ್ಮ ಸಂಪಾದನೆಯನ್ನೆಲ್ಲ ಸುರಿದು 1920ರ ದಶಕದಲ್ಲಿ ಗುಡಿ ಕಟ್ಟಿಸಿದರು. ಹೆಂಗಸರು ಅಲ್ಲಿ ಹಾಡಬಾರದೆಂದಾಗ ಹೆಂಗಸರದೇ ಗುಂಪು ಕಟ್ಟಿ ಹಾಡಿಸಿದರು. ನಮ್ಮೂರಿನ ಎಷ್ಟು ಮಂದಿಗೆ ಈ ಹೆಸರು ಗೊತ್ತಿದೆಯೋ ಎಂದು ಅಕ್ಕ ಬೇಸರಪಟ್ಟಳು. ಅಲ್ಲೇ ಕುಳಿತು ಮೆಲ್ಲನೆ ಆರಭಿ ರಾಗದ ಒಂದು ಕೃತಿ ಹಾಡಿದಳು. ಹಿಂದಿರುಗುವ ದಾರಿಯಲ್ಲಿ ಅಶೋಕಾ ಹಲ್ವಾ ತಿಂದೆವು. ಹೆಸರುಬೇಳೆಯದು, ತುಪ್ಪ ಕೈಗೆ ಹತ್ತುವಷ್ಟು.

ಆಗಸ್ಟಿನಲ್ಲಿ ಅಮ್ಮನ ಜೊತೆ ಹೋದಾಗ ತಂಜಾವೂರಿನಲ್ಲಿ ಇಳಿಯದೆ ಮುಂದೆ ಹೋದೆವು. ಕುಂಭಕೋಣದಲ್ಲಿ ಇಳಿದಾಗ ಬೆಳಕು ಹರಿದಿತ್ತು, ಹೊಟ್ಟೆಗೆ ಬೇಕಾದದ್ದು ಹೆಜ್ಜೆ ಹೆಜ್ಜೆಗೂ ಇತ್ತು. ಹಿತ್ತಾಳೆ ಲೋಟದಲ್ಲಿ ನೊರೆಯುಕ್ಕುವ ಡಿಗ್ರಿ ಕಾಫಿಯನ್ನು ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ಆದರೆ ಇಡ್ಲಿಯ ಜೊತೆ ಕೊಡುವ ಕಡಪ್ಪಾ ಎಂಬ ಆಲೂಗಡ್ಡೆ–ಹೆಸರುಬೇಳೆಯ ಸಾಗು ನನಗೆ ಅದಕ್ಕಿಂತ ಹೆಚ್ಚು ಹಿಡಿಸಿತು. ಊಟದ ಮಟ್ಟಿಗೆ ಹೋಲಿಕೆಯೇ ಬೇಡ, ಕುಂಭಕೋಣದ್ದೇ ಮೇಲುಗೈ.

ಅಮ್ಮನಿಗೆ ಮೊದಲು ಹೋಗಬೇಕಾಗಿದ್ದದ್ದು ವಿಜಯೀಂದ್ರ ತೀರ್ಥರ ಬೃಂದಾವನಕ್ಕೆ. ಮಠದ ಅಂಗಳದಲ್ಲಿ ಕನ್ನಡ ಕೇಳಿಸಿದಾಗ ಅವಳ ಮುಖ ಅರಳಿತು. ರಾಯರ ಗುರುಪರಂಪರೆಯ ಊರಿದು. ಹಾಗೆ ನೋಡಿದರೆ ಕುಂಭಕೋಣದಲ್ಲಿ ನಮ್ಮವರ ಗುರುತುಗಳು ಬಹಳ ಇವೆ. ಮಹಾಮಹಂ ಕೆರೆಯ ಸುತ್ತ ನಿಂತ 16 ಮಂಟಪಗಳು ತಂಜಾವೂರು ನಾಯಕರ ಮಂತ್ರಿ ಗೋವಿಂದ ದೀಕ್ಷಿತರ ಕೆಲಸವೆನ್ನುತ್ತಾರೆ. ಅವರು ಕನ್ನಡ ಮೂಲದವರು, ಕರ್ನಾಟಕ ಸಂಗೀತದ 72 ಮೇಳರಾಗಗಳ ಲೆಕ್ಕ ಹಾಕಿಕೊಟ್ಟ ವೆಂಕಟಮಖಿಯ ತಂದೆ. ಸಾರಂಗಪಾಣಿ ಸನ್ನಿಧಿ ಬೀದಿಯಲ್ಲಿ ಗಣಿತಜ್ಞ ರಾಮಾನುಜನ್ ಬೆಳೆದ ಪುಟ್ಟ ಮನೆಯೂ ಇದೆ. ಕಿಟಕಿಯ ಪಕ್ಕದ ಮಂಚವನ್ನು ನೋಡಿ ಹೊರಬರಲು ಐದು ನಿಮಿಷ ಸಾಕು. ಆದರೂ ಹೋಗಿ ಬನ್ನಿ.

ದಾರಾಸುರ ಊರಿನಿಂದ ನಾಲ್ಕು ಕಿಲೋಮೀಟರ್. ಎರಡನೆಯ ರಾಜರಾಜ 12ನೆಯ ಶತಮಾನದಲ್ಲಿ ಕಟ್ಟಿಸಿದ ಐರಾವತೇಶ್ವರ ಗುಡಿ ಅಲ್ಲಿದೆ. ಬೃಹದೀಶ್ವರನ ಮುಂದೆ ನಿಂತವರು ತಲೆಯೆತ್ತಿ ನೋಡುತ್ತಾರೆ. ಇಲ್ಲಿ ಮಂಡಿಯೂರಿ ಕೂತು ನೋಡಬೇಕು. ಹೊರಗೋಡೆಯ ಕೆಳಪಟ್ಟಿಯಲ್ಲಿ ಅಂಗೈಯಗಲದ ಚೌಕಗಳಲ್ಲಿ ಅರುವತ್ತುಮೂವರು ಪುರಾತನರ ಕಥೆಗಳಿವೆ. ಅಮ್ಮ ನಂಜುಂಡೇಶ್ವರನ ಗುಡಿಯಲ್ಲಿ ಈ ಅರುವತ್ತುಮೂವರ ವಿಗ್ರಹಗಳಿಗೆ ಚಿಕ್ಕಂದಿನಿಂದ ಪ್ರದಕ್ಷಿಣೆ ಹಾಕಿದವಳು. ತಮಿಳು ಓದಲು ಬಾರದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಂದೊಂದೇ ಚೌಕದ ಮುಂದೆ ಬಾಗುತ್ತಾ ಹೋದವಳು ಒಂದು ಕಡೆ ನಿಂತಳು.

"ನೋಡೇ, ಬೇಡರ ಕಣ್ಣಪ್ಪ!"

ತನ್ನ ಕಣ್ಣನ್ನು ತಾನೇ ಕಿತ್ತು ಲಿಂಗಕ್ಕೆ ಕೊಡುವ ಬೇಟೆಗಾರ ಅಲ್ಲಿದ್ದ. ಅಲ್ಲಿಂದ ಮುಂದೆ ಗೈಡ್ ನಮಗೆ ಬೇಕಾಗಲಿಲ್ಲ. ಆ ಒಂದೂವರೆ ಗಂಟೆಯಲ್ಲಿ ನಾನು ಕಲಿತದ್ದು ಹಿಂದಿನ ಇಡೀ ಪ್ರವಾಸದಲ್ಲಿ ಕಲಿತದ್ದಕ್ಕಿಂತ ಹೆಚ್ಚು. ತಟ್ಟಿದರೆ ಸ್ವರ ಹೊಮ್ಮುತ್ತದೆನ್ನುವ ಕಲ್ಲಿನ ಮೆಟ್ಟಿಲುಗಳಿಗೆ ಈಗ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅದೇ ಸರಿ, ಕಲ್ಲು ಉಳಿಯಲಿ.

ಗುಡಿ ಮುಚ್ಚಿದ ಮೇಲೆ ಬಿಸಿಲು ಕಳೆಯಲು ಸ್ವಾಮಿಮಲೈಗೆ ಹೋದೆವು. ಇಡೀ ಪ್ರವಾಸದ ತಿರುಳು ಅಲ್ಲಿತ್ತು. ಸ್ಥಪತಿಗಳ ಮನೆಗಳಲ್ಲಿ ವಿಗ್ರಹ ಎರಕ ಹೊಯ್ಯುವ ಕೆಲಸ ತಲೆಮಾರುಗಳಿಂದ ನಡೆದಿದೆ. ಮೊದಲಿಗೆ ತೆಂಗಿನ ಗರಿಯ ಎಳೆಯೊಂದನ್ನು ವಿಗ್ರಹದ ಎತ್ತರಕ್ಕೆ ಕತ್ತರಿಸಿ ಮಡಿಸುತ್ತಾರೆ. ಆ ಮಡಿಕೆಗಳೇ ಅಳತೆ. ಮುಖ ಇಷ್ಟು, ಎದೆಯಿಂದ ಹೊಕ್ಕುಳಿಗೆ ಇಷ್ಟು. ಜೇನುಮೇಣಕ್ಕೆ ರಾಳ ಮತ್ತು ಎಣ್ಣೆ ಬೆರೆಸಿ, ಬಿಸಿ ಚಾಕುವಿನಿಂದ ಮೂರ್ತಿಯನ್ನು ತಿದ್ದುತ್ತಾರೆ. ಅದರ ಮೇಲೆ ಕಾವೇರಿಯ ನುಣುಪಾದ ಮೆಕ್ಕಲು ಮಣ್ಣನ್ನು ಪದರ ಪದರವಾಗಿ ಮೆತ್ತಿ, ಒಣಗಿಸಿ, ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ಖಾಲಿಯಾದ ಆ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಮಣ್ಣನ್ನು ಒಡೆದರೆ ಮೂರ್ತಿ. ಒಂದು ಅಚ್ಚಿಗೆ ಒಂದೇ ಮೂರ್ತಿ, ಎರಡನೆಯದು ಹುಟ್ಟುವುದಿಲ್ಲ. ಈ ಕಸುಬು ಇಲ್ಲೇ ನೆಲೆಯೂರಿದ್ದು ಈ ಮಣ್ಣಿನ ಕಾರಣಕ್ಕೇ ಎಂದು ಅಲ್ಲಿಯವರು ಹೇಳುತ್ತಾರೆ. ಆ ದಿನ ಎರಕ ಇರಲಿಲ್ಲ. ಹಿರಿಯರೊಬ್ಬರು ಮೇಣದ ಪಾರ್ವತಿಯ ಕೈಬೆರಳುಗಳನ್ನು ಮಾಡುತ್ತಿದ್ದರು. ಒಂದು ಬೆರಳನ್ನು ಬಾಗಿಸಿ, ಒಪ್ಪದೆ, ಕಿತ್ತು ಮತ್ತೆ ಮಾಡಿದರು. ನಾವು ಮಾತಾಡಲೇ ಇಲ್ಲ.

ಮರುದಿನ ಆಡಿ ಪೆರುಕ್ಕು, ಆಡಿ ಮಾಸದ 18ನೆಯ ದಿನ, ಹೊಳೆಗೆ ಹೊಸ ನೀರು ಬಂದದ್ದಕ್ಕೆ ಹಬ್ಬ. ಬೆಳಿಗ್ಗೆ ಆರಕ್ಕೆ ಕಾವೇರಿಯ ಸೋಪಾನಗಟ್ಟೆಯಲ್ಲಿ ಹೆಂಗಸರು ಬಾಳೆಲೆಯ ಮೇಲೆ ಅರಿಸಿನ ಕುಂಕುಮ, ಕಪ್ಪು ಬಳೆ, ಓಲೆ ಇಟ್ಟು ನೀರಿಗೆ ಬಿಡುತ್ತಿದ್ದರು. ಬಸುರಿಗೆ ಮಡಿಲು ತುಂಬಿದಂತೆ ಎಂದು ಅಮ್ಮನಿಗೆ ಯಾರೂ ವಿವರಿಸಬೇಕಾಗಲಿಲ್ಲ. ಪಕ್ಕದಲ್ಲಿದ್ದ ಒಬ್ಬಾಕೆ ಅವಳ ಕೈಗೂ ಒಂದು ಹಳದಿ ದಾರ ಕಟ್ಟಿದರು. ಈ ನೀರಿನ ಹೆಸರು ಹೇಳಿ ಎರಡು ರಾಜ್ಯಗಳು ಜಗಳವಾಡುವುದನ್ನು ಹುಟ್ಟಿದಾಗಿನಿಂದ ಕೇಳುತ್ತಾ ಬಂದವಳು ನಾನು. ಆ ದಾರ ಕಟ್ಟಿದ ಕೈಯನ್ನು ಇನ್ನು ಮರೆಯುವುದಿಲ್ಲ.

ತಿಂಡಿ ಮುಗಿಸಿ ಟ್ಯಾಕ್ಸಿ ಹಿಡಿದು ಸ್ವಾಮಿಮಲೈ, ಕಬಿಸ್ತಲ, ತಿರುವಯ್ಯಾರು ದಾರಿಯಾಗಿ ತಂಜಾವೂರಿಗೆ ಬಂದೆವು. ಗದ್ದೆ, ಬಾಳೆತೋಟ, ಮರಗಳ ನಡುವೆ ಆಗಾಗ ಇಣುಕುವ ನದಿ. ಹೆದ್ದಾರಿಗಿಂತ ಹೊತ್ತು ಹಿಡಿಯುತ್ತದೆ, ಆದರೂ ಇದೇ ದಾರಿಯಲ್ಲಿ ಬನ್ನಿ. ಹಬ್ಬದ ಜನಸಂದಣಿಯಿಂದ ತಿರುವಯ್ಯಾರಿನಲ್ಲಿ ಇಳಿಯಲಾಗಲಿಲ್ಲ.

ಮಧ್ಯಾಹ್ನ ಮತ್ತೆ ಅರಮನೆಯ ಕಲಾಶಾಲೆಗೆ ಹೋಗಿ ಅದೇ ವೃಷಭವಾಹನನ ಮುಂದೆ ನಿಂತೆ. ಈ ಸಲ ಮೊದಲು ಕಂಡದ್ದು ಎತ್ತಿನ ಮೇಲಿರಬೇಕಿದ್ದ ಆ ಕೈಯ ಬೆರಳುಗಳು. ಸಾವಿರ ವರ್ಷದ ಹಿಂದೆ ಯಾರೋ ಅವನ್ನು ಮೇಣದಲ್ಲಿ ಬಾಗಿಸಿದ್ದರು. ಒಪ್ಪಿಗೆಯಾಗದೆ ಕಿತ್ತಿರಲೂಬಹುದು. ಹಾವಿನ ಸುತ್ತುಗಳಲ್ಲಿ ಬಿಸಿ ಚಾಕುವಿನ ಗೆರೆ ಹುಡುಕುತ್ತಾ, ಸೊಂಟದ ಓರೆಯಲ್ಲಿ ಗರಿಯ ಮಡಿಕೆಗಳನ್ನು ಎಣಿಸುತ್ತಾ ಮುಕ್ಕಾಲು ಗಂಟೆ ಕಳೆಯಿತು. ಜನವರಿಯಲ್ಲಿ ನೋಡಿದ್ದೂ ಇದೇ ಮೂರ್ತಿ, ಆದರೆ ಆಗ ನನಗೆ ಏನನ್ನು ನೋಡಬೇಕೆಂದು ತಿಳಿದಿರಲಿಲ್ಲ.

ಹಾಗಾಗಿ ಕೇಳಿದವರಿಗೆಲ್ಲ ಹೇಳುತ್ತಿರುವುದು ಇಷ್ಟು. ರಾತ್ರಿ ಕುಂಭಕೋಣದಲ್ಲಿರಲಿ. ಶನಿವಾರ ದಾರಾಸುರ, ಸ್ವಾಮಿಮಲೈ. ಭಾನುವಾರ ನದಿಯ ದಾರಿ ಹಿಡಿದು ತಂಜಾವೂರಿಗೆ ಬಂದು, ಮಧ್ಯಾಹ್ನ ಕಲಾಶಾಲೆ, ನಾಲ್ಕಕ್ಕೆ ದೊಡ್ಡ ದೇವಾಲಯ. ಮರಳುವ ರೈಲು ಕುಂಭಕೋಣ ದಾಟಿಯೇ ತಂಜಾವೂರಿಗೆ ಬರುವುದರಿಂದ ಸಂಜೆ ಇನ್ನಷ್ಟು ಹೊತ್ತು ಕೈಗೆ ಸಿಗುತ್ತದೆ. ಶಿಲ್ಪಕ್ಕಾಗಿ, ಊಟಕ್ಕಾಗಿ, ಹೊಳೆಗಾಗಿ ಹೋಗುವವರಿಗೆ ಇದೇ ಸರಿ.

ಅಕ್ಕ ಮಾತ್ರ ಒಪ್ಪಿಲ್ಲ. ವೀಣೆಯವರು ಸಿಗುವುದು ಶನಿವಾರ, ಶನಿವಾರ ತಾನು ತಂಜಾವೂರಿನಲ್ಲಿ ಇರಲೇಬೇಕು ಎನ್ನುತ್ತಾಳೆ. ಅವಳ ಮಾತಿನಲ್ಲಿಯೂ ಹುರುಳಿದೆ. ಬರುವ ಜನವರಿಗೆ ಒಂದೇ ಬೋಗಿಯಲ್ಲಿ ಎರಡು ಟಿಕೆಟ್ ಕಾಯ್ದಿರಿಸಿದ್ದೇವೆ. ಅವಳು ವೀಣೆಯೊಂದಿಗೆ ತಂಜಾವೂರಿನಲ್ಲಿ ಇಳಿಯುತ್ತಾಳೆ, ನಾನು ಮುಂದೆ ಹೋಗುತ್ತೇನೆ. ಭಾನುವಾರ ಸಂಜೆ ನಾಲ್ಕಕ್ಕೆ ದೊಡ್ಡ ನಂದಿಯ ಮುಂದೆ ಭೇಟಿ.